ಎರಡು ಕ್ಲಾಸ್, ಬೆರಳೆಣಿಕೆಯ ಫೀಟ್‌ಗಳು: ಮಲ್ಟಿಕ್ಲಾಸ್ ಕ್ಯಾರೆಕ್ಟರ್‌ಗೆ ಫೀಟ್ ಆರಿಸುವ ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಕಥೆ ಕಟ್ಟುವ ಆಟದಲ್ಲಿ 20ನೇ ಲೆವೆಲ್‌ವರೆಗಿನ ಬಿಲ್ಡ್ (ಕ್ಯಾರೆಕ್ಟರ್ ಬೆಳೆಯುವ ಪೂರ್ತಿ ಯೋಜನೆ) ಬರೆದುಕೊಂಡು ಬರುವ ಆಟಗಾರರು ಪ್ರತಿ ಟೇಬಲ್‌ನಲ್ಲೂ ಒಬ್ಬರಾದರೂ ಇರುತ್ತಾರೆ. ವಿಡಿಯೋ ನೋಡಿ, ಸ್ಪ್ರೆಡ್‌ಶೀಟ್ ಮಾಡಿ, 'ನನ್ನ ಕ್ಯಾರೆಕ್ಟರ್ 13ನೇ ಲೆವೆಲ್‌ಗೆ ಬಂದಾಗ ನೋಡಿ' ಅನ್ನುತ್ತಾರೆ. ಆ 13ನೇ ಲೆವೆಲ್ ಬರುವುದೇ ಇಲ್ಲ. ಬೆಂಗಳೂರಿನ ಕಥೆ ಗೊತ್ತಲ್ವಾ? ಒಬ್ಬರಿಗೆ ಶನಿವಾರ ರಾತ್ರಿ ರಿಲೀಸ್, ಇನ್ನೊಬ್ಬರು ಸಿಲ್ಕ್ ಬೋರ್ಡ್ ದಾಟಿರುವುದಿಲ್ಲ, ಮತ್ತೊಬ್ಬರ ಮನೆಯಲ್ಲಿ ಗೃಹಪ್ರವೇಶ. ತಿಂಗಳಿಗೆ ಎರಡು ಸಲ ಸೇರಿದರೆ ದೊಡ್ಡದು. ನಾನು ನೋಡಿದ ಕ್ಯಾಂಪೇನ್‌ಗಳಲ್ಲಿ (ಹಲವು ಸೆಷನ್ ನಡೆಯುವ ಕಥೆಗಳಲ್ಲಿ) ಜಾಸ್ತಿ ಪಾಲು 10ನೇ ಲೆವೆಲ್ ಮುಟ್ಟುವ ಮೊದಲೇ ನಿಂತಿವೆ.

ಹಾಗಾಗಿ ಈ ಬರಹ 4ರಿಂದ 10ನೇ ಲೆವೆಲ್‌ವರೆಗಿನ ಆಟಕ್ಕೆ. ಆವೃತ್ತಿ ಐದನೆಯದು. ಕ್ಲಾಸ್ ಅಂದರೆ ಕ್ಯಾರೆಕ್ಟರ್‌ನ ವೃತ್ತಿ (ಫೈಟರ್ ಯೋಧ, ರೋಗ್ ಕಳ್ಳ, ವಿಝಾರ್ಡ್ ಮಂತ್ರವಾದಿ, ಹೀಗೆ). ಮಲ್ಟಿಕ್ಲಾಸ್ ಅಂದರೆ ಲೆವೆಲ್‌ಗಳನ್ನು ಒಂದಕ್ಕಿಂತ ಹೆಚ್ಚು ಕ್ಲಾಸ್‌ಗೆ ಹಂಚುವುದು. ಫೀಟ್ ಅಂದರೆ ಕೆಲವು ಲೆವೆಲ್‌ಗಳಲ್ಲಿ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ. ಮಲ್ಟಿಕ್ಲಾಸ್ ಮಾಡಿದವರಿಗೆ ಫೀಟ್‌ಗಳು ಕಡಿಮೆ ಸಿಗುತ್ತವೆ, ತಡವಾಗಿ ಸಿಗುತ್ತವೆ. ಸಿಕ್ಕ ಒಂದೆರಡು ಫೀಟ್ ಎರಡೂ ಕ್ಲಾಸ್‌ಗೆ ದುಡಿಯಬೇಕು, ಅದೂ ಮುಂದಿನ ಸೆಷನ್‌ನಿಂದಲೇ ದುಡಿಯಬೇಕು. ಅದನ್ನು ಆರಿಸುವುದು ಹೇಗೆ ಅಂತ ನೋಡೋಣ.

ಹೆಜ್ಜೆ 1: ಯಾವ ನಿಯಮ ಅಂತ ಡಿಎಂ ಹತ್ತಿರ ಕೇಳಿ

ಐದನೇ ಆವೃತ್ತಿಯಲ್ಲಿ ಈಗ ಎರಡು ರೂಪಗಳಿವೆ, 2014ರದ್ದು ಮತ್ತು 2024ರದ್ದು. 2014ರ ನಿಯಮದಲ್ಲಿ ಫೀಟ್ ಕೂಡ ಐಚ್ಛಿಕ, ಮಲ್ಟಿಕ್ಲಾಸ್ ಕೂಡ ಐಚ್ಛಿಕ. ಡಿಎಂ, ಅಂದರೆ ಆಟ ನಡೆಸುವವರು, ಒಪ್ಪಿದರೆ ಮಾತ್ರ ಉಂಟು. 2024ರಲ್ಲಿ ಫೀಟ್ ಆಟದ ಮುಖ್ಯ ಭಾಗವೇ ಆಗಿದೆ. 1ನೇ ಲೆವೆಲ್‌ನಲ್ಲೇ ಬ್ಯಾಕ್‌ಗ್ರೌಂಡ್ ಜೊತೆ ಒಂದು ಒರಿಜಿನ್ ಫೀಟ್ ಎಲ್ಲರಿಗೂ ಬರುತ್ತದೆ. ಜನರಲ್ ಫೀಟ್‌ಗಳಿಗೆ ಕನಿಷ್ಠ 4ನೇ ಲೆವೆಲ್ ಬೇಕು.

ಹೆಸರು ಒಂದೇ, ಕೆಲಸ ಬೇರೆ ಇರುವ ಫೀಟ್‌ಗಳು ಬಹಳ. ಉದಾಹರಣೆಗೆ ಗ್ರೇಟ್ ವೆಪನ್ ಮಾಸ್ಟರ್. 2014ರಲ್ಲಿ ಹೊಡೆತದ ದಾಳದಲ್ಲಿ 5 ಕಳೆದುಕೊಂಡು ಡ್ಯಾಮೇಜ್‌ಗೆ 10 ಸೇರಿಸಬಹುದಿತ್ತು. 2024ರಲ್ಲಿ ಆ ಜೂಜು ಹೋಯಿತು. ಅದರ ಬದಲು ನಿಮ್ಮ ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಜೊತೆ ಬೆಳೆಯುವ ಅಂಕ) ಡ್ಯಾಮೇಜ್‌ಗೆ ಸೇರುತ್ತದೆ. ಹಳೇ ವಿಡಿಯೋ ನೋಡಿ ಹೊಸ ಟೇಬಲ್‌ಗೆ ಬಂದರೆ ಇಲ್ಲೇ ಎಡವುತ್ತೀರಿ.

ಪುಸ್ತಕ ಕೊಳ್ಳುವ ಮೊದಲು ಒಮ್ಮೆ ನೋಡಬೇಕು ಅನ್ನುವವರಿಗೆ ಎಸ್‌ಆರ್‌ಡಿ (ಮೂಲ ನಿಯಮಗಳ ಸಂಗ್ರಹ) ಉಚಿತವಾಗಿ ಸಿಗುತ್ತದೆ. 2023ರಿಂದ ಅದರ 5.1 (2014ರ ನಿಯಮ), 2025ರಿಂದ 5.2 (2024ರ ನಿಯಮ) ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಆದರೆ 5.1ರಲ್ಲಿ ಇರುವ ಫೀಟ್ ಒಂದೇ ಒಂದು, ಗ್ರ್ಯಾಪ್ಲರ್. ಅದನ್ನು ನೋಡಿ 'ಫೀಟ್ ಅಂದರೆ ಇಷ್ಟೇನಾ' ಅನ್ನಬೇಡಿ.

ಹೆಜ್ಜೆ 2: ಫೀಟ್ ಯಾವಾಗ ಬರುತ್ತದೆ ಅಂತ ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ಫೀಟ್ ಬರುವುದು ಒಟ್ಟು ಲೆವೆಲ್ ನೋಡಿ ಅಲ್ಲ, ಒಂದೊಂದು ಕ್ಲಾಸ್‌ನ ಲೆವೆಲ್ ನೋಡಿ. ಪ್ರತಿ ಕ್ಲಾಸ್‌ನಲ್ಲೂ 4, 8, 12, 16ಕ್ಕೆ ಒಂದೊಂದು. ಫೈಟರ್‌ಗೆ 6 ಮತ್ತು 14ಕ್ಕೆ ಹೆಚ್ಚುವರಿ. ರೋಗ್‌ಗೆ 10ಕ್ಕೆ ಒಂದು ಹೆಚ್ಚು. 19ರ ಮಾತು ನಮ್ಮ ಟೇಬಲ್‌ಗಳಲ್ಲಿ ಬೇಡ ಬಿಡಿ.

8ನೇ ಲೆವೆಲ್‌ನ ಒಬ್ಬ ಫೈಟರ್-ರೋಗ್ ತೆಗೆದುಕೊಳ್ಳಿ. ಬರೀ ಫೈಟರ್ 8 ಆಗಿದ್ದರೆ 3 ಫೀಟ್. ಫೈಟರ್ 6, ರೋಗ್ 2 ಆದರೆ 2. ಫೈಟರ್ 5, ರೋಗ್ 3 ಆದರೆ ಒಂದೇ. ಫೈಟರ್ 4, ರೋಗ್ 4 ಆದರೆ ಮತ್ತೆ 2, ಆದರೆ ಫೈಟರ್ 5ಕ್ಕೆ ಬರುವ ಎಕ್ಸ್‌ಟ್ರಾ ಅಟ್ಯಾಕ್ (ಎರಡನೇ ಹೊಡೆತ) ಇಲ್ಲ. ಇದಕ್ಕೆ ರೇಂಜರ್ ಕೂಡ ಸೇರಿಸಿ 3, 3, 2 ಅಂತ ಹಂಚಿದರೆ ಒಂದೂ ಇಲ್ಲ! ಪಕ್ಕದಲ್ಲಿ ಕೂತ ಸೀದಾ ವಿಝಾರ್ಡ್ ಆಗಲೇ 2 ಫೀಟ್ ಇಟ್ಟುಕೊಂಡಿರುತ್ತಾರೆ. ನೀವು ಸುಮ್ನೆ ಶೀಟ್ ತುಂಬಾ ಬರೆದುಕೊಂಡು ಕೂತಿರುತ್ತೀರಿ.

ಹಾಗಾದರೆ ನಿಯಮ ಏನು? ಆಯುಧ ಹಿಡಿಯುವ ಕ್ಲಾಸ್ ಆದರೆ 5ರವರೆಗೆ ನೆಟ್ಟಗೆ ಹೋಗಿ. 4ಕ್ಕೆ ಫೀಟ್, 5ಕ್ಕೆ ಎರಡನೇ ಹೊಡೆತ (ರೋಗ್‌ಗೆ ಮಾತ್ರ ಇದು ಇಲ್ಲ). ಫೈಟರ್ ಆದರೆ ಇನ್ನೊಂದು ಲೆವೆಲ್ ತಾಳಿ, 6ಕ್ಕೆ ಮತ್ತೊಂದು ಫೀಟ್ ಸಿಗುತ್ತದೆ. 3ರಲ್ಲಿ ಬಿಟ್ಟು ಹೋಗುವುದು ಬಹಳ ದುಬಾರಿ. ಸಬ್‌ಕ್ಲಾಸ್ (ಕ್ಲಾಸ್‌ನೊಳಗಿನ ವಿಶೇಷ ಶಾಖೆ) ಸಿಕ್ಕಿತು ಅಂತ ಖುಷಿಯಾಗಿ ಹೊರಟವರು ಒಂದೇ ಲೆವೆಲ್ ಆಚೆ ಇದ್ದ ಫೀಟ್ ಬಿಟ್ಟು ಬಂದಿರುತ್ತಾರೆ.

ಇದಕ್ಕೆ ಒಂದು ಅಪವಾದ ಇದೆ. ಸ್ಪೆಲ್ (ಮಂತ್ರ) ಹಾಕುವವರು ಮೊದಲ ಲೆವೆಲ್ ಮಾತ್ರ ಫೈಟರ್ ತೆಗೆದುಕೊಂಡು, ಆಮೇಲೆ ಪೂರ್ತಿ ವಿಝಾರ್ಡ್ ಆಗುವುದು. ಫೀಟ್ 4ರ ಬದಲು 5ಕ್ಕೆ ಬರುತ್ತದೆ. ಒಂದು ಲೆವೆಲ್ ತಡ, ಆದರೆ ಕೈಗೆ ಸಿಗುವುದು ಸಣ್ಣದಲ್ಲ. ಯಾಕೆ ಅಂತ 5ನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 3: 13 ಎಂಬ ಬೆಸ ಸಂಖ್ಯೆಯನ್ನು ಬಳಸಿಕೊಳ್ಳಿ

ಮಲ್ಟಿಕ್ಲಾಸ್ ಮಾಡಲು ಎರಡೂ ಕ್ಲಾಸ್‌ನ ಮುಖ್ಯ ಗುಣದಲ್ಲಿ (ಸ್ಟ್ರೆಂತ್, ಡೆಕ್ಸ್‌ಟೆರಿಟಿಯಂಥ ಆರು ಅಂಕಗಳಿವೆ) 13 ಇರಲೇಬೇಕು. ಹೊಸ ಕ್ಲಾಸ್‌ಗೆ ಮಾತ್ರ ಅಲ್ಲ, ಈಗಿರುವ ಕ್ಲಾಸ್‌ಗೂ. ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತು ಕರಿಸ್ಮಾ ಎರಡೂ. ಮಂಕ್, ರೇಂಜರ್‌ಗೆ ಡೆಕ್ಸ್‌ಟೆರಿಟಿ ಮತ್ತು ವಿಸ್ಡಮ್.

13ಕ್ಕೂ 12ಕ್ಕೂ ಮಾಡಿಫೈಯರ್ (ದಾಳಕ್ಕೆ ಸೇರುವ ಅಂಕ) ಒಂದೇ, +1. ಅಂದರೆ ನಿಯಮ ನಿಮ್ಮಿಂದ ಒಂದು ಅರ್ಧ ಪಾಯಿಂಟ್ ಕಸಿದುಕೊಂಡಿದೆ. ಅದನ್ನು ವಾಪಸ್ ಪಡೆಯುವ ದಾರಿ ಹಾಫ್-ಫೀಟ್, ಅಂದರೆ ಫೀಟ್ ಜೊತೆ ಒಂದು ಗುಣಕ್ಕೆ +1 ಕೊಡುವಂಥದ್ದು. 2014ರಲ್ಲಿ ಇವು ಕೆಲವೇ. ರೆಸಿಲಿಯಂಟ್, ಹೆವಿ ಆರ್ಮರ್ ಮಾಸ್ಟರ್, ಮತ್ತು 2020ರಲ್ಲಿ ಬಂದ ಫೇ ಟಚ್ಡ್, ಪಿಯರ್ಸರ್‌ನಂಥವು. 2024ರಲ್ಲಿ ಜನರಲ್ ಫೀಟ್‌ಗಳು ಹೆಚ್ಚುಕಡಿಮೆ ಎಲ್ಲವೂ +1 ಜೊತೆಗೇ ಬರುತ್ತವೆ.

ಆದ್ದರಿಂದ ಕ್ಯಾರೆಕ್ಟರ್ ಮಾಡುವಾಗಲೇ ಬೆಸ ಸಂಖ್ಯೆ ಎಲ್ಲಿ ಬಿಡಬೇಕು ಅಂತ ಯೋಚಿಸಿ. ಮುಖ್ಯ ಗುಣ 17 ಇದ್ದರೆ ಚಿನ್ನ. ಹಾಫ್-ಫೀಟ್ ತೆಗೆದುಕೊಂಡ ದಿನ 18 ಆಗುತ್ತದೆ. ಮುಖ್ಯ ಗುಣ 16 ಇದ್ದು, ಮನಸೆಳೆಯುವ ಫೀಟ್ ಯಾವುದೂ ಇಲ್ಲ ಅಂದರೆ ಫೀಟ್ ಬದಲು ಆ ಗುಣಕ್ಕೆ ಸೀದಾ +2 ತೆಗೆದುಕೊಳ್ಳಿ. ಅದರಲ್ಲಿ ಅವಮಾನ ಏನಿಲ್ಲ.

ಹೆಜ್ಜೆ 4: ನಿಮ್ಮ ಒಂದು ಟರ್ನ್ ಬರೆದು ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಐದು ಸಾಲು ಬರೆಯಿರಿ. ಆ್ಯಕ್ಷನ್ (ಟರ್ನ್‌ನ ಮುಖ್ಯ ಕೆಲಸ), ಬೋನಸ್ ಆ್ಯಕ್ಷನ್ (ಟರ್ನ್‌ಗೆ ಒಂದೇ ಒಂದು ಚಿಕ್ಕ ಕೆಲಸ), ರಿಯಾಕ್ಷನ್ (ಬೇರೆಯವರ ನಡೆಗೆ ಪ್ರತಿಕ್ರಿಯೆ), ಕಾನ್ಸಂಟ್ರೇಷನ್ (ಸ್ಪೆಲ್ ಹಿಡಿದಿಡುವ ಏಕಾಗ್ರತೆ), ಎರಡು ಕೈಗಳಲ್ಲಿ ಏನಿದೆ. ಎರಡೂ ಕ್ಲಾಸ್‌ಗಳು ಪ್ರತಿ ಸಾಲಿನಲ್ಲಿ ಏನು ಕೇಳುತ್ತವೆ ಅಂತ ಬರೆಯಿರಿ. ಖಾಲಿ ಇರುವ ಸಾಲಿಗೆ ಫೀಟ್ ಹುಡುಕಿ. ತುಂಬಿರುವ ಸಾಲಿಗೆ ಇನ್ನೊಂದು ಫೀಟ್ ತಂದರೆ ದುಡ್ಡು ದಂಡ.

ಜಾಸ್ತಿ ಜಗಳ ನಡೆಯುವುದು ಬೋನಸ್ ಆ್ಯಕ್ಷನ್ ಸಾಲಿನಲ್ಲಿ. ರೇಂಜರ್-ರೋಗ್ ನೋಡಿ. ಶತ್ರುವಿನ ಮೇಲೆ ಗುರುತಿಡುವ ಹಂಟರ್ಸ್ ಮಾರ್ಕ್ ಸ್ಪೆಲ್ ಹಾಕಲು ಬೋನಸ್ ಆ್ಯಕ್ಷನ್. ಅದನ್ನು ಬೇರೆ ಶತ್ರುವಿಗೆ ದಾಟಿಸಲೂ ಬೋನಸ್ ಆ್ಯಕ್ಷನ್. ರೋಗ್‌ನ ಕನ್ನಿಂಗ್ ಆ್ಯಕ್ಷನ್ (ಓಡುವ, ಅಡಗುವ ಚಾಲಾಕಿತನ) ಕೂಡ ಬೋನಸ್ ಆ್ಯಕ್ಷನ್. ಇದರ ಮೇಲೆ ಕ್ರಾಸ್‌ಬೋ ಎಕ್ಸ್‌ಪರ್ಟ್ ತೆಗೆದುಕೊಂಡು ಹ್ಯಾಂಡ್ ಕ್ರಾಸ್‌ಬೋದಿಂದ ಇನ್ನೊಂದು ಬಾಣ ಬಿಡುತ್ತೇನೆ ಅಂದರೆ ಸಮಯ ಎಲ್ಲಿದೆ? ಮೊದಲ ಎರಡು ರೌಂಡ್ ಹೀಗೇ ಕಳೆಯುತ್ತದೆ. ಅಷ್ಟರಲ್ಲಿ ಬಹಳಷ್ಟು ಕಾಳಗ ಮುಗಿದೇ ಹೋಗಿರುತ್ತದೆ.

ಪ್ಯಾಲಡಿನ್ ಇನ್ನೂ ಒಳ್ಳೆ ಉದಾಹರಣೆ. 2014ರಲ್ಲಿ ಡಿವೈನ್ ಸ್ಮೈಟ್‌ಗೆ (ಹೊಡೆತಕ್ಕೆ ದೈವಿಕ ಡ್ಯಾಮೇಜ್ ಸೇರಿಸಲು) ಯಾವ ಆ್ಯಕ್ಷನ್ನೂ ಬೇಕಿರಲಿಲ್ಲ. ಹೊಡೆತ ಬಿದ್ದ ಮೇಲೆ ಒಂದು ಸ್ಲಾಟ್ (ಸ್ಪೆಲ್ ಹಾಕಲು ಖರ್ಚುಮಾಡುವ ಪಾಲು) ಸುಟ್ಟರೆ ಸಾಕು. ಹಾಗಾಗಿ ಪೋಲಾರ್ಮ್ ಮಾಸ್ಟರ್ ತೆಗೆದುಕೊಂಡರೆ ಬೋನಸ್ ಹೊಡೆತದ ಮೇಲೂ ಸ್ಮೈಟ್. ಸಾರ್ಸರರ್ ಸ್ಲಾಟ್‌ಗಳು ಕೂಡಿದರೆ ಕೇಳುವುದೇ ಬೇಡ. 2024ರಲ್ಲಿ ಡಿವೈನ್ ಸ್ಮೈಟ್ ಒಂದು ಸ್ಪೆಲ್. ಅದಕ್ಕೆ ಬೋನಸ್ ಆ್ಯಕ್ಷನ್ ಬೇಕು. ಪೋಲಾರ್ಮ್ ಮಾಸ್ಟರ್‌ನ ಹೊಡೆತವೂ ಬೋನಸ್ ಆ್ಯಕ್ಷನ್. ಸಾರ್ಸರರ್‌ನ ಕ್ವಿಕನ್ಡ್ ಸ್ಪೆಲ್ ಕೂಡ ಬೋನಸ್ ಆ್ಯಕ್ಷನ್. ಮೂರರಲ್ಲಿ ಒಂದೇ ನಡೆಯುತ್ತದೆ. ಹಳೇ ಟೇಬಲ್‌ನ ರಾಜ ಹೊಸ ಟೇಬಲ್‌ನಲ್ಲಿ ಸಾಧಾರಣ.

ಇನ್ನು ಆಯುಧದ ಜಗಳ. ರೋಗ್‌ನ ಸ್ನೀಕ್ ಅಟ್ಯಾಕ್‌ಗೆ (ಹೊಂಚು ಹೊಡೆತದ ಹೆಚ್ಚುವರಿ ಡ್ಯಾಮೇಜ್‌ಗೆ) ಫಿನೆಸ್ ಆಯುಧ (ಡೆಕ್ಸ್‌ಟೆರಿಟಿಯಿಂದ ಬೀಸಬಹುದಾದದ್ದು) ಅಥವಾ ದೂರದಿಂದ ಹೊಡೆಯುವ ಆಯುಧ ಬೇಕು. 2014ರ ಗ್ರೇಟ್ ವೆಪನ್ ಮಾಸ್ಟರ್‌ನ 5ಕ್ಕೆ 10ರ ಜೂಜಿಗೆ ಕೈಕಾಳಗದ ಹೆವಿ ಆಯುಧ ಬೇಕು. ಹೆವಿಯೂ ಫಿನೆಸ್ಸೂ ಆದ ಕತ್ತಿ ಪುಸ್ತಕದಲ್ಲಿ ಇಲ್ಲ. ಬಾರ್ಬೇರಿಯನ್-ರೋಗ್ ಮಾಡಿ ಎರಡನ್ನೂ ಒಂದೇ ಹೊಡೆತದಲ್ಲಿ ಸೇರಿಸುತ್ತೇನೆ ಅಂದರೆ ಆಗುವುದಿಲ್ಲ. ಅದೇ ಬಾರ್ಬೇರಿಯನ್ 2ನ್ನು ಫೈಟರ್ 5ರ ಮೇಲೆ ಇಡಿ. ರೆಕ್ಲೆಸ್ ಅಟ್ಯಾಕ್ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ಕೊಡುತ್ತದೆ. ಕಳೆದುಕೊಂಡ 5 ಅಷ್ಟೇನೂ ಕಾಡುವುದಿಲ್ಲ. ಈ ಜೋಡಿಗೆ ಆ ಫೀಟ್ ಹೇಳಿ ಮಾಡಿಸಿದ್ದು.

ಎಲ್ವನ್ ಆ್ಯಕ್ಯುರಸಿ ಫೀಟ್‌ನಲ್ಲೂ ಇಂಥದ್ದೇ ಒಂದು ಬಲೆ ಇದೆ. ಅಡ್ವಾಂಟೇಜ್ ಇದ್ದಾಗ ಒಂದು ದಾಳ ಮತ್ತೆ ಉರುಳಿಸಬಹುದು. ಅಲ್ಲಿಗೆ ಮೂರು ದಾಳ ಉರುಳಿಸಿದ ಹಾಗೆ. 20 ಬೀಳುವ ಸಾಧ್ಯತೆ ಶೇ 14ಕ್ಕೆ ಏರುತ್ತದೆ. ಚಾಂಪಿಯನ್ ಫೈಟರ್ 3 ಸೇರಿಸಿ 19ಕ್ಕೂ ಕ್ರಿಟ್ (ಡ್ಯಾಮೇಜ್ ದಾಳ ಇಮ್ಮಡಿಯಾಗುವ ಹೊಡೆತ) ಮಾಡಿದರೆ ಶೇ 27. ಓದಲು ಚೆನ್ನಾಗಿದೆ. ಆದರೆ ಇದು ಎಲ್ಫ್ ಮತ್ತು ಹಾಫ್-ಎಲ್ಫ್‌ಗೆ ಮಾತ್ರ, ಅದೂ ಸ್ಟ್ರೆಂತ್ ಬಳಸದ ಹೊಡೆತಕ್ಕೆ ಮಾತ್ರ. ಬಾರ್ಬೇರಿಯನ್‌ನ ರೆಕ್ಲೆಸ್ ಅಟ್ಯಾಕ್ ಸ್ಟ್ರೆಂತ್ ಹೊಡೆತಕ್ಕೇ. ಎರಡೂ ಎಂದೂ ಭೇಟಿಯಾಗುವುದಿಲ್ಲ.

ಹೆಜ್ಜೆ 5: ಕಾನ್ಸಂಟ್ರೇಷನ್ ಇದ್ದರೆ ಅದನ್ನು ಮೊದಲು ಕಾಪಾಡಿ

ಮುಂದೆ ನಿಂತು ಹೊಡೆಯುತ್ತಾ ಸ್ಪೆಲ್ ಕೂಡ ಹಿಡಿದುಕೊಂಡಿರುವ ಕ್ಯಾರೆಕ್ಟರ್‌ಗೆ ಇದೇ ದೊಡ್ಡ ತಲೆನೋವು. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ಅಂದರೆ ದಾಳ ಉರುಳಿಸಿ ಗುರಿ ಮುಟ್ಟಬೇಕು, ತಪ್ಪಿದರೆ ಸ್ಪೆಲ್ ಹೋಯಿತು. ಗುರಿ 10, ಅಥವಾ ಡ್ಯಾಮೇಜ್‌ನ ಅರ್ಧ, ಯಾವುದು ಜಾಸ್ತಿಯೋ ಅದು. ಎರಡು ಫೀಟ್‌ಗಳು ಸಹಾಯಕ್ಕೆ ಬರುತ್ತವೆ. ವಾರ್ ಕಾಸ್ಟರ್ ಅಡ್ವಾಂಟೇಜ್ ಕೊಡುತ್ತದೆ. ರೆಸಿಲಿಯಂಟ್ ಆ ಸೇವ್‌ಗೆ ಪ್ರೊಫಿಷಿಯೆನ್ಸಿ ಮತ್ತು ಗುಣಕ್ಕೆ +1 ಕೊಡುತ್ತದೆ.

ಲೆಕ್ಕ ಮಾಡೋಣ. 6ನೇ ಲೆವೆಲ್, ಪ್ರೊಫಿಷಿಯೆನ್ಸಿ +3, ಕಾನ್‌ಸ್ಟಿಟ್ಯೂಷನ್ 14. ಏನೂ ಇಲ್ಲದಿದ್ದರೆ 10ರ ಗುರಿ ಮುಟ್ಟುವ ಸಾಧ್ಯತೆ ಶೇ 65. ವಾರ್ ಕಾಸ್ಟರ್ ಇದ್ದರೆ ಸುಮಾರು 88. ರೆಸಿಲಿಯಂಟ್ ಇದ್ದರೆ 80. ಕಾನ್‌ಸ್ಟಿಟ್ಯೂಷನ್ 15 ಇದ್ದು ರೆಸಿಲಿಯಂಟ್‌ನಿಂದ 16 ಆದರೆ 85. ಚಿಕ್ಕ ಪೆಟ್ಟುಗಳಿಗೆ ವಾರ್ ಕಾಸ್ಟರ್ ಮುಂದು. ಈಗ ಡ್ರ್ಯಾಗನ್ ಉಸಿರು ತಾಗಿ 40 ಡ್ಯಾಮೇಜ್ ಆಯಿತು, ಗುರಿ 20 ಅನ್ನಿ. 14ರಲ್ಲೇ ವಾರ್ ಕಾಸ್ಟರ್‌ಗೆ ಶೇ 28, ರೆಸಿಲಿಯಂಟ್‌ಗೆ 30. ದೊಡ್ಡ ಪೆಟ್ಟಿನಲ್ಲಿ ರೆಸಿಲಿಯಂಟ್ ಹಿಡಿದುಕೊಳ್ಳುತ್ತದೆ, ಲೆವೆಲ್ ಏರಿದಂತೆ ಇನ್ನೂ ಬೆಳೆಯುತ್ತದೆ. ವಿಷದಂಥ ಬೇರೆ ಸೇವ್‌ಗಳಿಗೂ ಆಗುತ್ತದೆ.

ಆದರೆ ಮಲ್ಟಿಕ್ಲಾಸ್ ಮಾಡುವವರಿಗೆ ಮೂರನೇ ದಾರಿ ಇದೆ. ಸೇವ್ ಪ್ರೊಫಿಷಿಯೆನ್ಸಿ ಬರುವುದು ಮೊದಲು ಆರಿಸಿದ ಕ್ಲಾಸ್‌ನಿಂದ ಮಾತ್ರ. ಫೈಟರ್, ಬಾರ್ಬೇರಿಯನ್, ಸಾರ್ಸರರ್ ಈ ಮೂರಕ್ಕೂ ಕಾನ್‌ಸ್ಟಿಟ್ಯೂಷನ್ ಸೇವ್ ಇದೆ. 1ನೇ ಲೆವೆಲ್ ಫೈಟರ್ ಆಗಿ ಶುರುಮಾಡಿದ ವಿಝಾರ್ಡ್‌ಗೆ ಈ ಸೇವ್, ಹೆವಿ ಆರ್ಮರ್, ಗುರಾಣಿ ಎಲ್ಲವೂ ಬಂದಿರುತ್ತವೆ. ರೆಸಿಲಿಯಂಟ್ ಬೇಕಾಗುವುದೇ ಇಲ್ಲ, ಆರ್ಮರ್ ಕೊಡುವ ಫೀಟ್‌ಗಳೂ ಬೇಡ. ಒಂದು ಲೆವೆಲ್ ತಡವಾದದ್ದಕ್ಕೆ ಒಂದೆರಡು ಫೀಟ್ ಉಳಿಯಿತು. ನಡುವಿನಲ್ಲಿ ಫೈಟರ್‌ಗೆ ಹೋದರೆ ಈ ಸೇವ್ ಸಿಗುವುದಿಲ್ಲ, ಹೆವಿ ಆರ್ಮರ್ ಕೂಡ ಸಿಗುವುದಿಲ್ಲ. ಯಾವುದು ಮೊದಲು ಅನ್ನುವುದು ಅಷ್ಟು ಮುಖ್ಯ.

ಕೈಗಳ ವಿಷಯ ಮರೆಯಬೇಡಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಶೀಲ್ಡ್ ಅನ್ನುವ ಸ್ಪೆಲ್‌ಗೆ ಕೈಸನ್ನೆ ಬೇಕು, ಕೈ ಖಾಲಿ ಇಲ್ಲ. ವಾರ್ ಕಾಸ್ಟರ್ ಇದ್ದರೆ ಕೈ ತುಂಬಿದ್ದರೂ ಸನ್ನೆ ಮಾಡಬಹುದು. ಕೆಲವು ಡಿಎಂಗಳು ಇದನ್ನು ನೋಡಿಯೂ ನೋಡದ ಹಾಗೆ ಇರುತ್ತಾರೆ. ಅಂಥ ಟೇಬಲ್‌ನಲ್ಲಿ ವಾರ್ ಕಾಸ್ಟರ್‌ನ ಬೆಲೆ ಕಡಿಮೆ. ಕಟ್ಟುನಿಟ್ಟಿನ ಡಿಎಂ ಆದರೆ ಪ್ಯಾಲಡಿನ್-ಸಾರ್ಸರರ್‌ಗೆ ಅದು ಬೇಕೇ ಬೇಕು.

ಬಾರ್ಬೇರಿಯನ್ ಸೇರಿಸಿಕೊಂಡವರಿಗೆ ಈ ಹೆಜ್ಜೆ ಅನ್ವಯಿಸುವುದೇ ಇಲ್ಲ. ರೇಜ್‌ನಲ್ಲಿರುವಾಗ (ಬಾರ್ಬೇರಿಯನ್ ರೋಷಾವೇಶದಲ್ಲಿರುವಾಗ) ಸ್ಪೆಲ್ ಹಾಕುವಂತಿಲ್ಲ, ಕಾನ್ಸಂಟ್ರೇಷನ್ ಕೂಡ ಉಳಿಯುವುದಿಲ್ಲ.

ಹೆಜ್ಜೆ 6: ಡಿಪ್ ಬೇಕಾ, ಫೀಟ್ ಸಾಕಾ?

ಒಂದೇ ಒಂದು ಸ್ಪೆಲ್‌ಗೋಸ್ಕರ ಇನ್ನೊಂದು ಕ್ಲಾಸ್‌ಗೆ ಒಂದೆರಡು ಲೆವೆಲ್ ಹೋಗುವವರು ಇದ್ದಾರೆ, ಇದನ್ನೇ ಡಿಪ್ ಅನ್ನುತ್ತಾರೆ. ಅದಕ್ಕೆ ಮೊದಲು ಫೀಟ್ ಪಟ್ಟಿ ನೋಡಿ. ಮಿಸ್ಟಿ ಸ್ಟೆಪ್ (ಕ್ಷಣದಲ್ಲಿ ಜಾಗ ಬದಲಿಸುವ ಸ್ಪೆಲ್) ಬೇಕಾ? ಫೇ ಟಚ್ಡ್ ಕೊಡುತ್ತದೆ, ಜೊತೆಗೆ ಇನ್ನೊಂದು 1ನೇ ಹಂತದ ಸ್ಪೆಲ್ ಮತ್ತು +1. ಮೆಟಾಮ್ಯಾಜಿಕ್‌ನ (ಸ್ಪೆಲ್ ಮಾರ್ಪಡಿಸುವ ಸಾರ್ಸರರ್ ವಿದ್ಯೆಯ) ರುಚಿ ಬೇಕಾ? ಮೆಟಾಮ್ಯಾಜಿಕ್ ಅಡೆಪ್ಟ್ ಎರಡು ಆಯ್ಕೆ ಮತ್ತು 2 ಸಾರ್ಸರಿ ಪಾಯಿಂಟ್ ಕೊಡುತ್ತದೆ. 2024ರ ಮ್ಯಾಜಿಕ್ ಇನಿಷಿಯೇಟ್ ಇನ್ನೂ ಸಲೀಸು. ಎರಡು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಸ್ಪೆಲ್), ಒಂದು ಸ್ಪೆಲ್. ಅದನ್ನು ದಿನಕ್ಕೊಮ್ಮೆ ಪುಕ್ಕಟೆಯಾಗಿ ಹಾಕಬಹುದು, ಆಮೇಲೆ ನಿಮ್ಮ ಸ್ಲಾಟ್‌ನಿಂದಲೂ ಹಾಕಬಹುದು. ಒರಿಜಿನ್ ಫೀಟ್ ಆದ್ದರಿಂದ 1ನೇ ಲೆವೆಲ್‌ನಲ್ಲೇ ಸಿಗುತ್ತದೆ. ಸೇಜ್ ಬ್ಯಾಕ್‌ಗ್ರೌಂಡ್ ತೆಗೆದುಕೊಂಡರೆ ವಿಝಾರ್ಡ್ ಪಟ್ಟಿಯಿಂದ ಶೀಲ್ಡ್ ಸ್ಪೆಲ್ ನಿಮ್ಮದು. ಅದಕ್ಕಾಗಿ ಲೆವೆಲ್ ಕಳೆದುಕೊಳ್ಳಬೇಕಾಗಿಲ್ಲ.

ಆರ್ಮರ್ ವಿಷಯದಲ್ಲಿ ಮಾತ್ರ ಉಲ್ಟಾ. ಮಾಡರೇಟ್ಲಿ ಆರ್ಮರ್ಡ್ ಫೀಟ್‌ಗಿಂತ ಕ್ಲೆರಿಕ್ 1 ಜಾಸ್ತಿ ಕೊಡುತ್ತದೆ. ಮೀಡಿಯಂ ಆರ್ಮರ್, ಗುರಾಣಿ, ಸ್ಪೆಲ್‌ಗಳು, ಸ್ಲಾಟ್‌ಗಳ ಲೆಕ್ಕವೂ ಮುಂದುವರಿಯುತ್ತದೆ. ತೆರಬೇಕಾದ ಬೆಲೆ ಇಷ್ಟೇ, ವಿಝಾರ್ಡ್‌ಗೆ ಫೈರ್‌ಬಾಲ್ 5ರ ಬದಲು 6ನೇ ಲೆವೆಲ್‌ಗೆ.

ಹೆಜ್ಜೆ 7: ಒಟ್ಟು ಲೆವೆಲ್ ನೋಡುವ ಫೀಟ್‌ಗೆ ಒಲವು ಕೊಡಿ

ಕ್ಲಾಸ್ ಲೆವೆಲ್ ನೋಡುವ ಎಲ್ಲವೂ ಮಲ್ಟಿಕ್ಲಾಸ್‌ನಲ್ಲಿ ಸೊರಗುತ್ತವೆ. ಸ್ನೀಕ್ ಅಟ್ಯಾಕ್ ದಾಳಗಳು ರೋಗ್ ಲೆವೆಲ್‌ನಿಂದ ಮಾತ್ರ. ಪ್ರೊಫಿಷಿಯೆನ್ಸಿ ಬೋನಸ್ ಮಾತ್ರ ಒಟ್ಟು ಲೆವೆಲ್ ನೋಡುತ್ತದೆ. ಕ್ಯಾಂಟ್ರಿಪ್ ಡ್ಯಾಮೇಜ್ ಕೂಡ. ಹಾಗಾಗಿ ಪ್ರೊಫಿಷಿಯೆನ್ಸಿಯ ಜೊತೆ ಬೆಳೆಯುವ ಫೀಟ್ ನೀವು ಎಷ್ಟು ಕ್ಲಾಸ್‌ಗೆ ಹಂಚಿಹೋದರೂ ಸೊರಗುವುದಿಲ್ಲ. 2024ರ ಅಲರ್ಟ್, ಲಕ್ಕಿ, ಗ್ರೇಟ್ ವೆಪನ್ ಮಾಸ್ಟರ್ ಇಂಥವು. ಟಫ್ ಪ್ರತಿ ಲೆವೆಲ್‌ಗೆ 2 ಹಿಟ್ ಪಾಯಿಂಟ್ ಕೊಡುತ್ತದೆ, ಅದೂ ಒಟ್ಟು ಲೆವೆಲ್‌ಗೆ. ಯಾವುದೂ ಹೊಳೆಯದಿದ್ದರೆ ಇವುಗಳಲ್ಲಿ ಒಂದು ತೆಗೆದುಕೊಂಡು ಮುಂದೆ ಹೋಗಿ.

ಹೆಜ್ಜೆ 8: ಎಲ್ಲ ಸೇರಿಸಿ ಒಂದು ಕ್ಯಾರೆಕ್ಟರ್ ಕಟ್ಟೋಣ

ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳು ಗೊತ್ತಲ್ವಾ? ಲಾಲ್‌ಬಾಗ್ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಹತ್ತಿರ ಒಂದು, ಹಲಸೂರು ಕೆರೆಯ ಹತ್ತಿರ, ಮೇಖ್ರಿ ಸರ್ಕಲ್ ಬಳಿ. ಆ ಗಡಿಯ ಆಚೆ ರಾಕ್ಷಸರಿದ್ದಾರೆ, ಗೋಪುರಗಳು ಊರನ್ನು ಕಾಯುತ್ತಿವೆ ಅಂತ ಇಟ್ಟುಕೊಂಡರೆ ಕ್ಯಾಂಪೇನ್ ತಾನಾಗೇ ಹುಟ್ಟುತ್ತದೆ. ಹಲಸೂರು ಗೋಪುರದ ಕಾವಲುಗಾರ್ತಿ ಚೆನ್ನಿ, ಫೈಟರ್-ರೋಗ್, ವುಡ್ ಎಲ್ಫ್, 2014ರ ನಿಯಮ. ಕೈಯಲ್ಲಿ ರೇಪಿಯರ್ ಮತ್ತು ಗುರಾಣಿ.

ಪಾಯಿಂಟ್ ಬೈನ (ಅಂಕ ಖರ್ಚುಮಾಡಿ ಗುಣ ಕೊಳ್ಳುವ ವಿಧಾನದ) 27ರಲ್ಲಿ ಡೆಕ್ಸ್‌ಟೆರಿಟಿ 15, ಕಾನ್‌ಸ್ಟಿಟ್ಯೂಷನ್ 14, ವಿಸ್ಡಮ್ 14, ಸ್ಟ್ರೆಂತ್ 10, ಕರಿಸ್ಮಾ 10, ಇಂಟೆಲಿಜೆನ್ಸ್ 8. ವುಡ್ ಎಲ್ಫ್ ಬೋನಸ್ ಸೇರಿ ಡೆಕ್ಸ್‌ಟೆರಿಟಿ 17. ಶುರು ಫೈಟರ್ ಆಗಿ. 4ಕ್ಕೆ ಪಿಯರ್ಸರ್, ಡೆಕ್ಸ್‌ಟೆರಿಟಿ 18. ರೇಪಿಯರ್ ಚುಚ್ಚುವ ಆಯುಧ, ಟರ್ನ್‌ಗೊಮ್ಮೆ ಒಂದು ಡ್ಯಾಮೇಜ್ ದಾಳ ಮತ್ತೆ ಉರುಳಿಸಬಹುದು. 5ಕ್ಕೆ ಎಕ್ಸ್‌ಟ್ರಾ ಅಟ್ಯಾಕ್. 6ಕ್ಕೆ ಸೆಂಟಿನೆಲ್. ಆಮೇಲೆ ರೋಗ್.

ಸೆಂಟಿನೆಲ್ ಯಾಕೆ? ಹಾಳೆ ನೋಡಿ. ಬೋನಸ್ ಆ್ಯಕ್ಷನ್ ಸಾಲು ರೋಗ್ 2ಕ್ಕೆ ಕನ್ನಿಂಗ್ ಆ್ಯಕ್ಷನ್‌ನಿಂದ ತುಂಬುತ್ತದೆ. ರಿಯಾಕ್ಷನ್ ಸಾಲು ಬಹುತೇಕ ಖಾಲಿ. ಸ್ನೀಕ್ ಅಟ್ಯಾಕ್ ರೌಂಡ್‌ಗೊಮ್ಮೆ ಅಲ್ಲ, ಟರ್ನ್‌ಗೊಮ್ಮೆ. ಚೆನ್ನಿಯ ಪಕ್ಕದಲ್ಲಿರುವ ರಾಕ್ಷಸ ಅವಳನ್ನು ಬಿಟ್ಟು ಅಲ್ಲೇ ನಿಂತ ಗೆಳೆಯನಿಗೆ ಹೊಡೆದರೆ ಅವಳು ರಿಯಾಕ್ಷನ್‌ನಲ್ಲಿ ತಿರುಗಿ ಹೊಡೆಯುತ್ತಾಳೆ. ಅದು ರಾಕ್ಷಸನ ಟರ್ನ್. ಗೆಳೆಯ ರಾಕ್ಷಸನ ಪಕ್ಕದಲ್ಲೇ ಇದ್ದಾನೆ, ಸ್ನೀಕ್ ಅಟ್ಯಾಕ್‌ಗೆ ಅಷ್ಟು ಸಾಕು. ಮತ್ತೆ ಸ್ನೀಕ್ ಅಟ್ಯಾಕ್! 9ನೇ ಲೆವೆಲ್‌ನಲ್ಲಿ, ಫೈಟರ್ 6, ರೋಗ್ 3 ಇದ್ದಾಗ, ಸ್ನೀಕ್ ಅಟ್ಯಾಕ್ ಎರಡು ಆರು-ಮುಖದ ದಾಳ, ಸರಾಸರಿ 7. ಒಂದು ರೌಂಡ್‌ನಲ್ಲಿ ಎರಡು ಸಲ ಸಿಕ್ಕರೆ 14. ರಾಕ್ಷಸ ಅವಳಿಗೇ ಹೊಡೆದರೆ ಸ್ನೀಕ್ ಅಟ್ಯಾಕ್ ಇಲ್ಲ, ಆದರೆ ಗೆಳೆಯ ಉಳಿದ. ಕಾವಲುಗಾರ್ತಿಗೆ ಬೇಕಾದದ್ದೇ ಅದು.

10ನೇ ಲೆವೆಲ್‌ಗೆ ರೋಗ್ 4, ಮೂರನೇ ಫೀಟ್. ಬರೀ ಫೈಟರ್ ಆಗಿಯೇ 10ಕ್ಕೆ ಬಂದಿದ್ದರೂ ಸಿಗುತ್ತಿದ್ದದ್ದು 3. ಅಲ್ಲಿಗೆ ಚೆನ್ನಿ ಏನೂ ಕಳೆದುಕೊಂಡಿಲ್ಲ. ಈ ಮೂರನೆಯದ್ದಕ್ಕೆ ನಾನಾದರೆ ಡೆಕ್ಸ್‌ಟೆರಿಟಿ 20 ಮಾಡುತ್ತೇನೆ. ಅಲರ್ಟ್ ತೆಗೆದುಕೊಂಡರೂ ಬೇಡ ಅನ್ನಲಾರೆ. ರೋಗ್ 5ಕ್ಕೆ ಅನ್‌ಕ್ಯಾನಿ ಡಾಡ್ಜ್ (ಬಿದ್ದ ಪೆಟ್ಟನ್ನು ಅರ್ಧಕ್ಕಿಳಿಸುವುದು) ಬರುತ್ತದೆ, ಅದೂ ರಿಯಾಕ್ಷನ್ ಕೇಳುತ್ತದೆ. ಅಲ್ಲಿಂದ ಮುಂದೆ ಪ್ರತಿ ರೌಂಡ್ ಅವಳು ಆರಿಸಬೇಕು, ತಾನು ಉಳಿಯಬೇಕಾ, ಹೊಡೆಯಬೇಕಾ ಅಂತ.

ಲೆವೆಲ್ ಅಪ್ ಆಗುವ ಹಿಂದಿನ ದಿನ

ನಿಯಮದ ಪ್ರಕಾರ ಒಮ್ಮೆ ತೆಗೆದುಕೊಂಡ ಫೀಟ್ ಬದಲಿಸುವಂತಿಲ್ಲ. ಬಹಳ ಡಿಎಂಗಳು ಒಂದೆರಡು ಸೆಷನ್ ನೋಡಿ ಬದಲಿಸಿಕೋ ಅನ್ನುತ್ತಾರೆ. ಆದರೂ ಕೇಳಿಯೇ ಇಟ್ಟುಕೊಳ್ಳಿ. ಡಿಎಂಗೆ ಒಂದು ಮೆಸೇಜ್ ಹಾಕಿ. ನಿಮ್ಮ ಮೊದಲ ಆಯ್ಕೆ, ಎರಡನೇ ಆಯ್ಕೆ, ಅದು ಯಾವ ಪುಸ್ತಕದ್ದು, ನೀವು ಅದನ್ನು ಹೇಗೆ ಬಳಸಬೇಕು ಅಂದುಕೊಂಡಿದ್ದೀರಿ. ಸ್ನೀಕ್ ಅಟ್ಯಾಕ್ ರಿಯಾಕ್ಷನ್‌ನಲ್ಲೂ ನಡೆಯುತ್ತದಾ, ಶೀಲ್ಡ್ ಹಿಡಿದ ಕೈಯಿಂದ ಸ್ಪೆಲ್ ಹಾಕಬಹುದಾ, ಇಂಥ ಪ್ರಶ್ನೆಗಳನ್ನು ಅಲ್ಲೇ ಬಗೆಹರಿಸಿಕೊಳ್ಳಿ. ಭಾನುವಾರ ಸಿಗುವುದೇ ಮೂರು ಗಂಟೆ, ಅದರಲ್ಲಿ ಅರ್ಧ ಗಂಟೆ ಪಾರ್ಕಿಂಗ್ ಹುಡುಕಲು ಹೋಗಿರುತ್ತದೆ. ಉಳಿದ ಸಮಯದಲ್ಲಿ ನಿಯಮದ ವಾದ ಶುರುವಾದರೆ ಪಕ್ಕದಲ್ಲಿ ಕೂತವರು ಮೊಬೈಲ್ ತೆಗೆಯುತ್ತಾರೆ.